ಕಡತದಲ್ಲೇ ಉಳಿದ ಒಂದು ಸಾಲು

ನನ್ನ ಅಣ್ಣ ದೊಡ್ಡಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರ ಚಿಕಿತ್ಸೆಯ ಕಡತ ನನ್ನ ಬಳಿ ಉಳಿಯಿತು. ಅದರಲ್ಲೊಂದು ಸಾಲಿತ್ತು: ಗೆಡ್ಡೆಯ ಜೀವಕೋಶಗಳಲ್ಲಿ ಎಂಎಸ್‌ಎಚ್‌2 ಪ್ರೋಟೀನ್ ಇಲ್ಲ, ಪಕ್ಕದ ಆರೋಗ್ಯವಂತ ಅಂಗಾಂಶದಲ್ಲಿ ಇದೆ. ಸೇವಾವಧಿಯುದ್ದಕ್ಕೂ ಕಡತಗಳನ್ನೇ ಓದಿದ ನನಗೆ ಅದರ ಅರ್ಥವಾಗಲಿಲ್ಲ. ಯಾರೂ ವಿವರಿಸಲೂ ಇಲ್ಲ. ಮೂರು ವರ್ಷಗಳ ಬಳಿಕ, 41ರ ವಯಸ್ಸಿನ ಅಣ್ಣನ ಮಗನಿಗೆ ಅದೇ ರೋಗ ಕಾಣಿಸಿಕೊಂಡಾಗ ಅರ್ಥವಾಯಿತು.

ಜೀವಕೋಶ ವಿಭಜನೆಗೆ ಮುನ್ನ ಡಿಎನ್‌ಎಯ ಪ್ರತಿ ಸಿದ್ಧವಾಗುತ್ತದೆ. ನಕಲಿನಲ್ಲಿ ನುಸುಳುವ ತಪ್ಪುಗಳನ್ನು ತಿದ್ದುವ ಪ್ರೋಟೀನ್‌ಗಳಲ್ಲಿ ಎಂಎಲ್‌ಎಚ್‌1, ಎಂಎಸ್‌ಎಚ್‌2, ಎಂಎಸ್‌ಎಚ್‌6 ಮತ್ತು ಪಿಎಂಎಸ್‌2 ಪ್ರಮುಖವಾದವು. ಈ ದುರಸ್ತಿಯ ಬಗೆಯನ್ನು ವಿವರಿಸಿದ ಪಾಲ್ ಮಾಡ್ರಿಚ್ 2015ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು. ಅಂಗಾಂಶದ ತೆಳುಪದರಕ್ಕೆ ಬಣ್ಣ ಹಾಕಿದರೆ ಪ್ರೋಟೀನ್ ಇರುವ ಕೋಶಕೇಂದ್ರ ಕಂದಾಗುತ್ತದೆ, ಇಲ್ಲದ್ದು ಹಾಗಾಗುವುದಿಲ್ಲ. ಆರೋಗ್ಯವಂತ ಕೋಶಗಳೇ ಹೋಲಿಕೆಗೆ ಒರೆಗಲ್ಲು.

ದೊಡ್ಡಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ಶೇ 15ರಷ್ಟರಲ್ಲಿ ಈ ದುರಸ್ತಿ ಕೆಟ್ಟಿರುತ್ತದೆ. ಅವುಗಳಲ್ಲಿ ಹೆಚ್ಚಿನವು ಆನುವಂಶಿಕವಲ್ಲ. ಉಳಿದವುಗಳ ಹಿಂದೆ ಲಿಂಚ್ ಸಿಂಡ್ರೋಮ್ ಇರಬಹುದು. ಅದು ಮಕ್ಕಳಿಗೆ ದಾಟುವ ಸಂಭವ ಶೇ 50. ಮೊದಲೇ ತಿಳಿದರೆ ಕೊಲೊನೊಸ್ಕೋಪಿಯ ನಿಯಮಿತ ತಪಾಸಣೆಯಿಂದ ಗಂಟುಗಳನ್ನು ಕ್ಯಾನ್ಸರಾಗುವ ಮುನ್ನವೇ ತೆಗೆಯಬಹುದು. ದುರಸ್ತಿ ಕೆಟ್ಟ ಗೆಡ್ಡೆಗಳಿಗೆ ಇಮ್ಯುನೊಥೆರಪಿ ಫಲಿಸುವ ಸಾಧ್ಯತೆಯೂ ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ, ಗೆಡ್ಡೆ ಯಾವ ಅಂಗದ್ದೇ ಆಗಿರಲಿ, ಈ ದೋಷವನ್ನೇ ಆಧರಿಸಿ ಪೆಂಬ್ರೊಲಿಜುಮಾಬ್ ಬಳಕೆಗೆ ಒಪ್ಪಿಗೆ ನೀಡಿತು.

ಹಾಗಿದ್ದರೂ ಇದು ಏಕೆ ಕಡೆಗಣನೆಗೆ ಒಳಗಾಗುತ್ತದೆ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವ ಕಾರಣ ಸರಳ. ಪರೀಕ್ಷೆಯ ವೆಚ್ಚ ರೋಗಿಯದು. ಲಾಭದ ದೊಡ್ಡ ಪಾಲು ಆಸ್ಪತ್ರೆಯ ಬಾಗಿಲಿಗೇ ಬಾರದ ಮಕ್ಕಳು, ಒಡಹುಟ್ಟಿದವರದು. ಇಂಥ ಲಾಭವನ್ನು ಮಾರುಕಟ್ಟೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸರ್ಕಾರವೇ ತೆಗೆದುಕೊಳ್ಳಬೇಕು. ದೊಡ್ಡಕರುಳಿನ ಕ್ಯಾನ್ಸರ್ ಪತ್ತೆಯಾದ ಪ್ರತಿಯೊಬ್ಬರಿಗೂ ಇಂಥ ಪರೀಕ್ಷೆ ಆಗಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲೇ ಶಿಫಾರಸು ಮಾಡಿದೆ.

ವಂಶದ ದೋಷ ಬಯಲಾದರೆ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಅಳುಕು ನಮ್ಮಲ್ಲಿದೆ. ಅದು ಸುಳ್ಳಲ್ಲ. ಆದರೆ ಈ ದೋಷವಿರುವ ಮಹಿಳೆಯರಿಗೆ ಗರ್ಭಕೋಶದ ಕ್ಯಾನ್ಸರಿನ ಅಪಾಯವೂ ಹೆಚ್ಚು. ಮುಚ್ಚಿಟ್ಟರೆ ನಷ್ಟ ಅವರಿಗೇ. ಗೋಪ್ಯತೆ ಕಾಪಾಡುವ ಆಪ್ತ ಸಮಾಲೋಚನೆಯೇ ಇದಕ್ಕೆ ಪರಿಹಾರ.

ಸಾರ್ವಜನಿಕ ಹಣದಿಂದ ಚಿಕಿತ್ಸೆ ನಡೆಯುವಲ್ಲೆಲ್ಲ ಈ ಪರೀಕ್ಷೆ ಕಡ್ಡಾಯವಾಗಲಿ. ಫಲಿತಾಂಶವನ್ನು ಕನ್ನಡದಲ್ಲಿ, ರೋಗಿಯ ಒಪ್ಪಿಗೆ ಪಡೆದು, ಕುಟುಂಬಕ್ಕೆ ತಿಳಿಸುವ ಹೊಣೆಯೂ ಒಬ್ಬರ ಮೇಲಿರಲಿ. ನಮ್ಮ ಮನೆಯಲ್ಲಿ ಪರೀಕ್ಷೆಯೇನೋ ಆಗಿತ್ತು, ತಿಳಿಸುವವರು ಇರಲಿಲ್ಲ.