ತಾಲ್ಲೂಕು ಮೈದಾನವೇ ನಮ್ಮ ಲ್ಯಾಬ್

ಬೆಳಿಗ್ಗೆ ಐದೂವರೆಗೆ ಬಸವಕಲ್ಯಾಣದ ಅಥವಾ ಹುಮನಾಬಾದಿನ ಮೈದಾನಕ್ಕೆ ಹೋಗಿ ನೋಡಿ, ಓಡುವ ಹುಡುಗರು ಕಾಣುತ್ತಾರೆ. ಅವರಲ್ಲಿ ಆರೋಗ್ಯಕ್ಕಾಗಿ ಓಡುವವರು ಕಡಿಮೆ, ನೌಕರಿಗಾಗಿ ಓಡುವವರೇ ಹೆಚ್ಚು. ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. ಅಗ್ನಿವೀರ್ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದಲ್ಲಿ ಮುಗಿಸಿದವರಿಗೆ ಪೂರ್ತಿ 60 ಅಂಕ. ವರ್ಷಗಟ್ಟಲೆ ಓದಿದ ಹುಡುಗನೊಬ್ಬ ಮೂರೇ ಸೆಕೆಂಡು ತಡವಾಗಿ ಗೆರೆ ಮುಟ್ಟಿ ಬರಿಗೈಯಲ್ಲಿ ಊರಿಗೆ ಮರಳುವುದು ನಮ್ಮ ಕಡೆ ಹೊಸ ಸುದ್ದಿಯೇನಲ್ಲ.

ಇತ್ತ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದೇ ವಯಸ್ಸಿನ ನಾವು ‘ಇಂಟರ್ನೆಟ್ ಆಫ್ ಥಿಂಗ್ಸ್’ ಓದುತ್ತಿದ್ದೇವೆ. ವಿಟಿಯು 2022ರ ಪಠ್ಯಕ್ರಮದ ಮೊದಲ ವರ್ಷದಲ್ಲೇ ಈ ವಿಷಯದ ಪರಿಚಯ ಪಾಠವಿದೆ. ಆರೋಗ್ಯದ ವೈಜ್ಞಾನಿಕ ತಳಹದಿ ಕುರಿತ ಪಾಠವೂ ಇದೆ. ಮೂರನೇ ಸೆಮಿಸ್ಟರ್‌ನಿಂದ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದನ್ನು ತೆಗೆದುಕೊಳ್ಳಲೇಬೇಕು. ಆದರೂ ಕೊನೆಯ ವರ್ಷ ಬಂದಾಗ ಎಷ್ಟೋ ಮಂದಿ ನಗರದ ಅಂಗಡಿಗಳಿಂದ ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತರುತ್ತಾರೆ. ಸ್ಮಾರ್ಟ್ ಕಸದ ಡಬ್ಬಿ, ಸ್ಮಾರ್ಟ್ ಬಾಗಿಲು, ಸ್ಮಾರ್ಟ್ ಪಾರ್ಕಿಂಗ್. ಪರೀಕ್ಷೆ ಮುಗಿದ ಮೇಲೆ ಅವೆಲ್ಲ ಅಟ್ಟ ಸೇರುತ್ತವೆ.

ಈ ಮೈದಾನ ಮತ್ತು ಈ ಲ್ಯಾಬ್ ಒಂದೇ ಊರಿನಲ್ಲಿದ್ದೂ ಒಂದಕ್ಕೊಂದು ಪರಿಚಯವಿಲ್ಲ. ಪರಿಚಯವಾದರೆ ಇಬ್ಬರಿಗೂ ಲಾಭ ಎಂಬುದೇ ನನ್ನ ವಾದ. ಹವ್ಯಾಸಕ್ಕೆಂದು ಒಂದು ವರ್ಷದಿಂದ ಮಾಡುತ್ತಿರುವ ಸಣ್ಣ ಪ್ರಯೋಗಗಳಿಂದ ಈ ಮಾತು ಹೇಳುತ್ತಿದ್ದೇನೆ.

ನಾವು ಹಿಡಿದ ಮೊದಲ ಉಪಕರಣ ಅಳತೆಯ ಟೇಪು. ಗೆಳೆಯರು ಓಡುತ್ತಿದ್ದ ಮೈದಾನದ ಒಂದು ಸುತ್ತು 400 ಮೀಟರ್ ಎಂಬುದು ಎಲ್ಲರ ನಂಬಿಕೆಯಾಗಿತ್ತು. ಅಳೆದಾಗ ಸಿಕ್ಕಿದ್ದು 372 ಮೀಟರ್. ನಾಲ್ಕು ಸುತ್ತಿಗೆ 112 ಮೀಟರ್ ಕಡಿಮೆ. ಪರೀಕ್ಷೆಯ ವೇಗದಲ್ಲಿ ಅಷ್ಟು ದೂರ ಓಡಲು ಸುಮಾರು 27 ಸೆಕೆಂಡು ಬೇಕು. ‘ನಾನು ಪಾಸಾಗುವ ವೇಗದಲ್ಲೇ ಓಡುತ್ತಿದ್ದೇನೆ’ ಎಂದು ತಿಳಿದಿದ್ದವರು ನಿಜವಾಗಿ ಅರ್ಧ ನಿಮಿಷದಷ್ಟು ಹಿಂದಿದ್ದರು. ಸುಣ್ಣ ಹಾಕಿ ಹೊಸ ಗೆರೆ ಎಳೆದೆವು. ಚಿಪ್ಪು, ಸೆನ್ಸರ್ ಬರುವ ಮುಂಚೆಯೇ ಅರ್ಧ ಸಮಸ್ಯೆ ಬಯಲಾಗಿತ್ತು.

ಆಮೇಲೆ ಪ್ರತಿ ಸುತ್ತಿನ ಸಮಯ ಹಿಡಿಯುವ ಯಂತ್ರದ ಕೆಲಸ. ಇಎಸ್‌ಪಿ32 ಎಂಬ ಪುಟ್ಟ ಬೋರ್ಡ್ ನನಗೆ ಐನೂರು ರೂಪಾಯಿಯೊಳಗೆ ಸಿಕ್ಕಿತು. ಅದರಲ್ಲಿ ವೈ-ಫೈ, ಬ್ಲೂಟೂತ್ ಎರಡೂ ಇವೆ. ಗೆರೆಯ ಒಂದು ಬದಿಗೆ ಇನ್‌ಫ್ರಾರೆಡ್ ಎಲ್‌ಇಡಿ, ಇನ್ನೊಂದು ಬದಿಗೆ ಅದನ್ನು ಗುರುತಿಸುವ ರಿಸೀವರ್. ಓಟಗಾರ ನಡುವೆ ದಾಟಿದಾಗ ಕಿರಣ ತುಂಡಾಗುತ್ತದೆ, ಬೋರ್ಡ್ ಆ ಕ್ಷಣವನ್ನು ಬರೆದುಕೊಳ್ಳುತ್ತದೆ. ಹೇಳಲು ಇಷ್ಟೇ. ಆದರೆ ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುತ್ತದೆ. ಮನೆಯೊಳಗೆ ಚೆನ್ನಾಗಿ ಕೆಲಸ ಮಾಡುವ ಸಾದಾ ಸೆನ್ಸರ್ ನಮ್ಮ ಬೀದರ್ ಜಿಲ್ಲೆಯ ಬಿಸಿಲಿಗೆ ಕಣ್ಣು ಬಿಡಲಾರದು.

ಉತ್ತರ ಸಿಕ್ಕಿದ್ದು ಹುಮನಾಬಾದಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ. ಅಲ್ಲಿನ ಚಾಚಾ ನನ್ನ ಮಾತು ಕೇಳಿ, ‘ಬೇಟಾ, ಟಿವಿ ರಿಮೋಟ್ ಹಗಲೊತ್ತಿನ್ಯಾಗ ಹ್ಯಾಂಗ್ ಕೆಲ್ಸ ಮಾಡ್ತದ, ವಿಚಾರ ಮಾಡು’ ಎಂದರು. ರಿಮೋಟ್ ತನ್ನ ಬೆಳಕನ್ನು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿನುಗಿಸುತ್ತದೆ. ರಿಸೀವರ್ ಆ ಲಯದ ಬೆಳಕಿಗೆ ಮಾತ್ರ ಸ್ಪಂದಿಸುತ್ತದೆ. ಬಿಸಿಲಿಗೆ ಆ ಲಯವಿಲ್ಲ. ಹಳೆಯ ಟಿವಿಗಳಲ್ಲಿರುವ ಟಿಎಸ್‌ಒಪಿ 1738 ರಿಸೀವರ್ ಬಳಸಿದೆ. ಬೆಳಕನ್ನು ಒಂದೇ ಸಮನೆ ಕಳಿಸಿದರೆ ಆ ರಿಸೀವರ್ ಅದನ್ನು ಗದ್ದಲವೆಂದು ತಿಳಿದು ಕಡೆಗಣಿಸುತ್ತದೆ, ಆದ್ದರಿಂದ ಬಿಟ್ಟು ಬಿಟ್ಟು ಕಳಿಸಬೇಕು. ಮಾಡ್ಯುಲೇಷನ್ ಎಂಬ ಪದವನ್ನು ತರಗತಿಯಲ್ಲಿ ಎಷ್ಟೋ ಸಲ ಬರೆದುಕೊಂಡಿದ್ದೆ. ಅದು ಏಕೆ ಬೇಕು ಎಂಬುದು ಮೈದಾನದಲ್ಲಿ ತಿಳಿಯಿತು.

ಸ್ವಯಂ ಕಲಿಕೆ ಎಂದರೆ ಕೋಣೆಯಲ್ಲಿ ಒಬ್ಬರೇ ಕೂತು ವಿಡಿಯೊ ನೋಡುವುದು ಎಂಬ ಭಾವನೆ ನಮ್ಮಲ್ಲಿದೆ. ವಿಡಿಯೊ ಬೇಕು, ನಿಜ. 2003ರಲ್ಲಿ ಐಐಟಿಗಳು ಮತ್ತು ಐಐಎಸ್ಸಿ ಸೇರಿ ಆರಂಭಿಸಿದ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಖರಗ್‌ಪುರದ ಪ್ರೊ. ಸುದೀಪ್ ಮಿಶ್ರಾ ಅವರ ಐಒಟಿ ಪಾಠಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಹುಮನಾಬಾದಿನ ಹುಡುಗನಿಗೂ ಖರಗ್‌ಪುರದ ಹುಡುಗನಿಗೂ ಅದೇ ಪಾಠ. ಆದರೆ ಬೆಸುಗೆ ಹಾಕುವಾಗ ತಂತಿ ಎಷ್ಟು ಬಿಸಿಯಾಗಬೇಕು ಎಂಬುದನ್ನು ಹೇಳಿಕೊಡಲು ಪಕ್ಕದಲ್ಲಿ ಒಬ್ಬರು ಕೂರಲೇಬೇಕು. ರಿಪೇರಿ ಅಂಗಡಿಯವರು, ಮೋಟಾರ್ ವೈಂಡಿಂಗ್ ಮಾಡುವವರು, ಪೆಂಡಾಲಿಗೆ ಲೈಟಿನ ಸರ ಕಟ್ಟುವವರು ನಮ್ಮ ಪೇಟೆಯಲ್ಲೇ ಇರುವ ಗುರುಗಳು. ಕಾಯಕಕ್ಕೆ ಮೇಲು-ಕೀಳಿಲ್ಲ ಎಂದು ಸಾರಿದ ಊರು ಬಸವಕಲ್ಯಾಣ. ಅಲ್ಲಿ ಓದುವ ನಾವು ಬೆಸುಗೆ ಹಾಕುವವರ ಹತ್ತಿರ ಕಲಿಯಲು ನಾಚಿಕೊಂಡರೆ ಹೇಗೆ?

ಇನ್ನು ಇಂಟರ್ನೆಟ್ ವಿಚಾರ. ಮೈದಾನದಲ್ಲಿ ವೈ-ಫೈ ಇಲ್ಲ, ಕೆಲವು ಮೂಲೆಗಳಲ್ಲಿ ಮೊಬೈಲ್ ನೆಟ್‌ವರ್ಕ್ ಕೂಡ ಸಿಗುವುದಿಲ್ಲ. ಅದಕ್ಕೂ ದಾರಿಯಿದೆ. ಇಎಸ್‌ಪಿ32 ತಾನೇ ಒಂದು ಸಣ್ಣ ವೈ-ಫೈ ಕೇಂದ್ರವಾಗಬಲ್ಲದು. ಮೊಬೈಲನ್ನು ಅದಕ್ಕೆ ಜೋಡಿಸಿ ಬ್ರೌಸರ್‌ನಲ್ಲಿ 192.168.4.1 ಎಂದು ಬರೆದರೆ ಸುತ್ತಿನ ಸಮಯಗಳ ಪುಟ ತೆರೆಯುತ್ತದೆ. ಡೇಟಾ ಪ್ಯಾಕ್ ಬೇಡ, ತಿಂಗಳ ಶುಲ್ಕ ಬೇಡ. ಐಒಟಿಯಲ್ಲಿ ಇಂದು ಎಲ್ಲೆಡೆ ಬಳಕೆಯಲ್ಲಿರುವ ಎಂಕ್ಯುಟಿಟಿ ಎಂಬ ಸಂದೇಶ ವಿಧಾನ ಹುಟ್ಟಿದ್ದು 1999ರಲ್ಲಿ. ತೈಲ ಕೊಳವೆಗಳ ಮೇಲೆ ನಿಗಾ ಇಡಲು ಉಪಗ್ರಹ ಸಂಪರ್ಕವನ್ನು ಬಳಸಬೇಕಿತ್ತು, ಅದು ನಿಧಾನ ಮತ್ತು ದುಬಾರಿ. ಆ ಕೊರತೆಗೆ ತಕ್ಕಂತೆ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲನ್ ನಿಪ್ಪರ್ ಅದನ್ನು ಹಗುರವಾಗಿ ರೂಪಿಸಿದರು. ನೆಟ್‌ವರ್ಕ್ ಸರಿಯಿಲ್ಲದ ಊರು ಎಂದು ನಾವು ಕೊರಗಬೇಕಿಲ್ಲ. ಈ ವಿದ್ಯೆಯ ಒಂದು ಮುಖ್ಯ ಭಾಗ ಹುಟ್ಟಿದ್ದೇ ಅಂಥ ಕಡೆಗೆ.

ಯಂತ್ರ ಏನು ತೋರಿಸಿತು? ಕಾನ್‌ಸ್ಟೆಬಲ್ ಪರೀಕ್ಷೆಗೆ ತಯಾರಾಗುತ್ತಿದ್ದ ಗೆಳೆಯನ ನಾಲ್ಕು ಸುತ್ತುಗಳು ಹೀಗಿದ್ದವು: 82, 95, 108, 113 ಸೆಕೆಂಡು. ಒಟ್ಟು 398, ಅಂದರೆ 6 ನಿಮಿಷ 38 ಸೆಕೆಂಡು. ಎಂಟು ಸೆಕೆಂಡಿನಿಂದ ಫೇಲು. ಬರೀ ಸ್ಟಾಪ್‌ವಾಚ್ ಹಿಡಿದಿದ್ದರೆ ‘ಇನ್ನೂ ಜೋರು ಓಡಬೇಕು’ ಎಂದಷ್ಟೇ ತಿಳಿಯುತ್ತಿತ್ತು. ಸುತ್ತುಗಳನ್ನು ಬಿಡಿಸಿ ನೋಡಿದಾಗ ವಿಷಯ ಬೇರೆಯಾಗಿತ್ತು. 6 ನಿಮಿಷ 30 ಸೆಕೆಂಡಿಗೆ ಸುತ್ತಿಗೆ ಸರಾಸರಿ ತೊಂಬತ್ತೇಳೂವರೆ ಸೆಕೆಂಡು ಸಾಕು. ಆತ ಮೊದಲ ಸುತ್ತಿನಲ್ಲೇ ಹದಿನೈದು ಸೆಕೆಂಡು ಮುಂದೆ ಓಡಿ, ಉಸಿರು ಕಳೆದುಕೊಂಡು, ಉಳಿಸಿದ್ದನ್ನೆಲ್ಲ ಕೊನೆಯ ಎರಡು ಸುತ್ತಿನಲ್ಲಿ ಬಡ್ಡಿ ಸಮೇತ ಕೊಡುತ್ತಿದ್ದ. ಮೊದಲ ಸುತ್ತನ್ನು ಹಿಡಿತದಲ್ಲಿಟ್ಟು ಓಡುವುದನ್ನೇ ಆರು ವಾರ ರೂಢಿಸಿಕೊಂಡ. ಆಮೇಲೆ ಬಂದ ಸಮಯಗಳು 96, 98, 98, 93. ಒಟ್ಟು 385, ಅಂದರೆ 6 ನಿಮಿಷ 25 ಸೆಕೆಂಡು. ಓಡಿದ್ದು ಅವನ ಕಾಲು. ಶ್ರಮ ಎಲ್ಲಿ ಸೋರುತ್ತಿದೆ ಎಂದು ತೋರಿಸಿದ್ದಷ್ಟೇ ಯಂತ್ರದ ಕೆಲಸ.

ಹುಡುಗಿಯರ ಮಾತು ಬೇರೆಯೇ ಇದೆ. ಮೈದಾನದ ತುಂಬ ಹುಡುಗರಿರುವಾಗ, ಯಾರೋ ಸ್ಟಾಪ್‌ವಾಚ್ ಹಿಡಿದು ನಿಂತು ನೋಡುವಾಗ ಓಡಲು ಅನೇಕರಿಗೆ ಮುಜುಗರ, ಮನೆಯವರಿಗೂ ಅಂಜಿಕೆ. ಯಂತ್ರವಿದ್ದರೆ ಇಬ್ಬರು ಗೆಳತಿಯರು ತಮಗೆ ಅನುಕೂಲವಾದ ಹೊತ್ತಿನಲ್ಲಿ, ಕಾಲೇಜಿನ ಅಂಗಳದಲ್ಲೇ ಓಡಿ ತಮ್ಮ ಸಮಯ ತಾವೇ ನೋಡಿಕೊಳ್ಳಬಹುದು. ನಮ್ಮ ಸಹಪಾಠಿ ಒಬ್ಬಾಕೆ ಇದನ್ನು ಹೇಳಿದ ಮೇಲೆ ಯಂತ್ರವನ್ನು ಒಬ್ಬರೇ ಹೊತ್ತು ತಂದು ಎರಡು ನಿಮಿಷದಲ್ಲಿ ನಿಲ್ಲಿಸುವಂತೆ ಬದಲಾಯಿಸಿದೆವು. ಯಾರಿಗಾಗಿ ಮಾಡುತ್ತೇವೋ ಅವರನ್ನು ಕೇಳಿದರೆ ವಿನ್ಯಾಸವೇ ಬದಲಾಗುತ್ತದೆ. ಈ ಪಾಠ ಅಂಗಡಿಯಿಂದ ತಂದ ಪ್ರಾಜೆಕ್ಟಿನಲ್ಲಿ ಸಿಗುವುದಿಲ್ಲ.

ಹಾಗೆಂದು ಯಂತ್ರ ತೋರಿಸಿದ್ದೆಲ್ಲ ವೇದವಾಕ್ಯವಲ್ಲ. ನಮ್ಮ ಕಿರಣಕ್ಕೆ ಓಟಗಾರನೂ ಒಂದೇ, ಅಡ್ಡ ಬಂದ ನಾಯಿಯೂ ಒಂದೇ. ನಾಲ್ವರು ಒಟ್ಟಿಗೆ ಓಡಿದರೆ ಯಾರು ಯಾರೆಂದು ಅದು ಹೇಳಲಾರದು. ದೊಡ್ಡ ಮ್ಯಾರಥಾನ್‌ಗಳಲ್ಲಿ ಪ್ರತಿಯೊಬ್ಬರಿಗೂ ಆರ್‌ಎಫ್‌ಐಡಿ ಚಿಪ್ ಕಟ್ಟುವುದು ಇದಕ್ಕೇ. ಬೆರಳಿಗೆ ಬೆಳಕು ಹಾಯಿಸಿ ಹೃದಯ ಬಡಿತ ಎಣಿಸುವ ಅಗ್ಗದ ಸೆನ್ಸರ್ ಕೂಡ ಕೂತಾಗ ಸರಿಯಾಗಿ ಎಣಿಸಿ, ಕೈ ಅಲ್ಲಾಡಿದರೆ ತಪ್ಪುತ್ತದೆ. ಕತ್ತಿನ ಬಳಿ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ, ಅದರ ಜೊತೆ ಹೋಲಿಸಿ ನೋಡಬೇಕು. ದಿನಕ್ಕೆ 10,000 ಹೆಜ್ಜೆ ಎಂಬ ಪ್ರಸಿದ್ಧ ಗುರಿಯನ್ನೇ ತೆಗೆದುಕೊಳ್ಳಿ. ಅದು ವೈದ್ಯರ ಸಂಶೋಧನೆಯಿಂದ ಬಂದದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ನಡೆದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಲ್ಲಿ ಆ ಸಂಖ್ಯೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ. ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ಎಂಜಿನಿಯರಿಗೂ ಬೇಕು, ಓಟಗಾರನಿಗೂ ಬೇಕು.

ಇದರಿಂದ ನೌಕರಿ ಸಿಗುತ್ತದೆಯೇ ಎಂದು ಮನೆಯಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸರ್ಟಿಫಿಕೇಟ್ ಎಲ್ಲರ ಬಳಿಯೂ ಇರುತ್ತದೆ. ‘ಈ ರೆಸಿಸ್ಟರ್ ಇಲ್ಲಿ ಏಕೆ? ಬಿಸಿಲಿನಲ್ಲಿ ಏನಾಗುತ್ತದೆ? ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?’ ಎಂದು ಸಂದರ್ಶನದಲ್ಲಿ ಕೇಳಿದರೆ, ಕೈಯಾರೆ ಮಾಡಿದವರು ಉತ್ತರ ಕೊಡುತ್ತಾರೆ, ಕೊಂಡು ತಂದವರು ನೆಲ ನೋಡುತ್ತಾರೆ. ದಿನಾಂಕ ಹಾಕಿ ಬರೆದ ಒಂದು ನೋಟ್‌ಬುಕ್, ಕೆಲಸ ಮಾಡುವ ಒಂದು ಸಾಧನ, ಅದನ್ನು ಬಳಸಿದ ನಾಲ್ಕು ಜನ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪರಿಚಯಪತ್ರ ನನಗೆ ಗೊತ್ತಿಲ್ಲ.

ಕಾಲೇಜುಗಳಿಗೂ ಎರಡು ಮಾತು. ಲ್ಯಾಬ್‌ಗಳು ಸಂಜೆ ಇನ್ನೆರಡು ತಾಸು ತೆರೆದಿರಲಿ, ಬಸ್ಸಿಗೆ ಬಂದು ಹೋಗುವ ಹುಮನಾಬಾದಿನಂಥ ಊರುಗಳ ವಿದ್ಯಾರ್ಥಿಗಳಿಗಾಗಿ ವಾರದಲ್ಲಿ ಒಂದು ದಿನವಾದರೂ. ಪದವಿಗೆ ಮುಂಚೆ ನಾವು 100 ಎಐಸಿಟಿಇ ಚಟುವಟಿಕೆ ಅಂಕಗಳನ್ನು ಗಳಿಸಲೇಬೇಕು. ಸಮಾಜಕ್ಕೆ ಉಪಯೋಗವಾಗಲಿ ಎಂದೇ ಇರುವ ಆ ಅಂಕಗಳು ಎಷ್ಟೋ ಕಡೆ ಫೋಟೊ ತೆಗೆಸಿಕೊಳ್ಳುವಲ್ಲಿಗೆ ಮುಗಿಯುತ್ತವೆ. ತಾಲ್ಲೂಕು ಮೈದಾನದಲ್ಲಿ ಒಂದು ಸೀಸನ್ ಪೂರ್ತಿ ಸಮಯ ಹಿಡಿದು ಕೊಡುವುದನ್ನು, ಸರ್ಕಾರಿ ಶಾಲೆಯ ಟ್ಯಾಂಕಿಗೆ ನೀರಿನ ಮಟ್ಟ ತೋರಿಸುವ ಸಾಧನ ಕೂರಿಸುವುದನ್ನು ಆ ಅಂಕಗಳಿಗೆ ಪರಿಗಣಿಸಬೇಕು.

ಗೆಳೆಯರೇ, ಆರಂಭಿಸಲು ದುಬಾರಿ ಕಿಟ್ ಬೇಡ. ನಿಮ್ಮ ಓಣಿಯಲ್ಲಿ ಯಾರಿಗೋ ದಿನಾ ಎದುರಾಗುವ ಒಂದು ತೊಂದರೆ ಆರಿಸಿಕೊಳ್ಳಿ. ಮೊದಲು ಟೇಪು, ಗಡಿಯಾರ, ನೋಟ್‌ಬುಕ್‌ನಿಂದ ಅಳೆಯಿರಿ. ಅಷ್ಟರಲ್ಲೇ ಉತ್ತರ ಸಿಕ್ಕರೆ ಸಂತೋಷ, ಹಣ ಉಳಿಯಿತು. ಸಿಗದಿದ್ದರೆ ಆಗ ಸೆನ್ಸರ್ ಕೊಳ್ಳಿ. ಓಡುವ ಗೆಳೆಯನಿದ್ದರೆ ಈ ಭಾನುವಾರ ಅವನ ಜೊತೆ ಮೈದಾನಕ್ಕೆ ಹೋಗಿ, ಆ ಸುತ್ತು ನಿಜಕ್ಕೂ 400 ಮೀಟರ್ ಇದೆಯೇ ಎಂದು ನೋಡಿ ಬನ್ನಿ.