ಲಂಡನ್ನಿಗೆ ಓದೋಕೆ ಹೋಗ್ತೀರಾ? ಅಲ್ಲಿನ ಅಡುಗೆಮನೆಗಳನ್ನೂ ನೋಡಿ

ಲಿಂಗತ್ವ ದೌರ್ಜನ್ಯ, ಮಾನವ ಕಳ್ಳಸಾಗಣೆ ಬಗ್ಗೆ ಓದಬೇಕು ಅಂತ ಬ್ರಿಟನ್ನಿಗೆ ಹೋಗುವ ಕನ್ನಡದ ವಿದ್ಯಾರ್ಥಿಗೆ ಪ್ರಬಂಧದ ವಿಷಯವಾಗಿ ಮೊದಲು ಹೊಳೆಯೋದು ಯಾವುದು? ಬಾಗಲಕೋಟೆ, ಬೆಳಗಾವಿಯ ದೇವದಾಸಿಯರು. 1982ರ ನಿಷೇಧ ಕಾಯ್ದೆಯಿಂದಲೇ ಆ ಹೆಣ್ಣುಮಕ್ಕಳ ಬದುಕು ಹಸನಾಗಲಿಲ್ಲ. ಹಾಗಾಗಿ ಆ ಅಧ್ಯಯನ ಬೇಕೇ ಬೇಕು. ಆದರೆ ದೌರ್ಜನ್ಯ ನಮ್ಮದು, ಅದನ್ನು ವಿವರಿಸೋ ಸಿದ್ಧಾಂತ ಅವರದು ಅನ್ನೋ ಹಂಚಿಕೆಯನ್ನು ನಾವೇ ಒಪ್ಪಿಕೊಂಡುಬಿಟ್ಟರೆ ಹೇಗೆ?

ಲಂಡನ್ನಿನ ಶ್ರೀಮಂತರ ಮನೆಗಳನ್ನೇ ನೋಡಿ. ಕೊಲ್ಲಿ ದೇಶಗಳಿಂದಲೋ ಭಾರತದಿಂದಲೋ ಬರುವ ಮಾಲೀಕರು ಮನೆಗೆಲಸದವರನ್ನೂ ಜೊತೆಗೆ ಕರೆತರುತ್ತಾರೆ. ಅವರಿಗಂತಲೇ ಪ್ರತ್ಯೇಕ ವೀಸಾ ಇದೆ. ಹೀಗೆ ಬರುವವರಲ್ಲಿ ಹೆಚ್ಚಿನವರು ಹೆಂಗಸರು. ಫಿಲಿಪೀನ್ಸ್‌ನವರ ಜೊತೆ ಭಾರತದವರೂ ಸಾಕಷ್ಟಿದ್ದಾರೆ. 2012ಕ್ಕೆ ಮೊದಲು ಮಾಲೀಕ ಹೊಡೆದರೆ, ಸಂಬಳ ಕೊಡದಿದ್ದರೆ ಬೇರೆ ಮನೆ ಹಿಡಿಯಬಹುದಿತ್ತು, ವೀಸಾ ಮುಂದುವರಿಸಬಹುದಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಸರ್ಕಾರ ಎರಡನ್ನೂ ಕಿತ್ತುಕೊಂಡಿತು. ಮನೆ ಬಿಟ್ಟರೆ ವೀಸಾ ಹೋಯಿತು. ಅಂದರೆ ಬೀಗ ಹಾಕಿದ್ದು ಮಾಲೀಕ ಮಾತ್ರ ಅಲ್ಲ, ಕಾನೂನೂ ಹೌದು.

2015ರಲ್ಲಿ ಅದೇ ದೇಶ ಆಧುನಿಕ ಗುಲಾಮಗಿರಿ ಕಾಯ್ದೆ ತಂದು ಜಗತ್ತಿಗೆ ಮಾದರಿ ಅನ್ನಿಸಿಕೊಂಡಿತು. ಸರ್ಕಾರವೇ ನೇಮಿಸಿದ್ದ ಜೇಮ್ಸ್ ಯುವಿನ್ಸ್, ಮನೆಗೆಲಸದವರಿಗೆ ಮಾಲೀಕರನ್ನು ಬದಲಿಸುವ ಹಕ್ಕಿನ ಜೊತೆ ಎರಡೂವರೆ ವರ್ಷದವರೆಗೆ ಉಳಿಯಲು ಅವಕಾಶ ಕೊಡಿ ಅಂತ ಶಿಫಾರಸು ಮಾಡಿದರು. 2016ರಲ್ಲಿ ಸಿಕ್ಕಿದ್ದು ಅರ್ಧ ಮಾತ್ರ: ಮಾಲೀಕರನ್ನು ಬದಲಿಸಬಹುದು, ಆದರೆ ಆರು ತಿಂಗಳ ವೀಸಾದಲ್ಲಿ ಉಳಿದಷ್ಟು ದಿನಕ್ಕೆ. ಎರಡು ತಿಂಗಳಿಗೆ ಯಾರು ಕೆಲಸ ಕೊಡ್ತಾರೆ ಹೇಳಿ?

ಕಳ್ಳಸಾಗಣೆ ಅಂದ ಕೂಡಲೇ ನಮಗೆ ಕೆಂಪುದೀಪದ ಬೀದಿ ನೆನಪಾಗುತ್ತದೆ. 2000ದ ಪಲೆರ್ಮೊ ಒಪ್ಪಂದ ಬಲವಂತದ ದುಡಿಮೆಯನ್ನೂ ಅದರೊಳಗೇ ಸೇರಿಸಿದೆ. ಆದ್ದರಿಂದ ಸಂಶೋಧಕರು ಕೇಳಬೇಕಾದ ಮೊದಲ ಪ್ರಶ್ನೆ ‘ಆಕೆಯನ್ನು ಯಾರು ರಕ್ಷಿಸ್ತಾರೆ’ ಅನ್ನೋದಲ್ಲ, ‘ಆಕೆ ಬಿಟ್ಟು ಹೋಗೋ ಹಾಗಿದೆಯಾ, ಹೋದರೆ ಏನು ಕಳೆದುಕೊಳ್ತಾಳೆ’ ಅನ್ನೋದು.

ಇದೇ ಪ್ರಶ್ನೆ ಹಿಡಿದುಕೊಂಡು ಊರಿಗೆ ವಾಪಸ್ ಬನ್ನಿ. ಇಟ್ಟಿಗೆ ಭಟ್ಟಿಯಲ್ಲಿ ಮುಂಗಡ ಪಡೆದ ಕುಟುಂಬವನ್ನು ಕೇಳಿ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹಗಲೂ ರಾತ್ರಿ ಉಳಿಯುವ ಕೆಲಸದಾಕೆಯನ್ನು ಕೇಳಿ. ಜೀತ ರದ್ದತಿ ಕಾಯ್ದೆ 1976ರಿಂದಲೇ ಇದೆ. ಅಲ್ಲಿ ವೀಸಾ ಮಾಡುವ ಕೆಲಸವನ್ನು ಇಲ್ಲಿ ಸಾಲ ಮಾಡುತ್ತದೆ. ವಿದೇಶದ ಓದು ಈ ಎರಡನ್ನೂ ಒಟ್ಟಿಗೆ ನೋಡೋ ಕಣ್ಣು ಕೊಟ್ಟರೆ, ಖರ್ಚು ಮಾಡಿದ ಫೀಸು ಸಾರ್ಥಕ.