ಸಾವಿರ ವ್ಯಾಟಿನ ಮೋಹ

ಕಳೆದ ಕ್ರಿಸ್ತ ಜಯಂತಿಯ ರಾತ್ರಿ ನಮ್ಮ ದೇವಾಲಯದಲ್ಲಿ ನಡೆದ ಸಂಗತಿಯಿದು. ಗಾನವೃಂದದ ಹುಡುಗನೊಬ್ಬ ಅಡಿಕೆ ಕೊಯ್ಲಿನ ಕೂಲಿಯಲ್ಲಿ ಉಳಿಸಿದ ಹಣದಿಂದ ಬೇಸ್ ಗಿಟಾರೊಂದನ್ನು ಕೊಂಡಿದ್ದ. ಅಂದು ಮೊದಲ ಬಾರಿಗೆ ಬಲಿಪೂಜೆಯಲ್ಲಿ ಅದನ್ನು ನುಡಿಸಿದ. ಗೀತೆ ಆರಂಭವಾದೊಡನೆಯೇ ಗೋಡೆಗೆ ತೂಗುಹಾಕಿದ್ದ ಕಾಲಂ ಸ್ಪೀಕರುಗಳು ಹರಿದ ಜೇಗಟೆಯಂತೆ ಒದರತೊಡಗಿದವು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಒಂದು ಸ್ಪೀಕರ್ ಶಾಶ್ವತವಾಗಿ ಮೌನ ತಾಳಿತು. ಪೂಜೆ ಮುಗಿದ ಮೇಲೆ ಹಿರಿಯರೊಬ್ಬರು, "ಇದೇನು ದೇವಾಲಯವೋ, ಡಿಜೆ ಮಂಟಪವೋ?" ಎಂದು ಎಲ್ಲರೆದುರೇ ಗದರಿದರು. ಗಿಟಾರನ್ನು ಚೀಲಕ್ಕೆ ಸೇರಿಸಿ ಹೊರಟ ಹುಡುಗ ಮುಂದಿನ ನಾಲ್ಕು ಭಾನುವಾರ ಗಾನವೃಂದದತ್ತ ಸುಳಿಯಲಿಲ್ಲ.

ಈಗ ಪಾಲನಾ ಸಮಿತಿಯ ಮುಂದೆ ಎರಡು ಸಲಹೆಗಳಿವೆ. ಬೇಸ್ ಗಿಟಾರನ್ನೂ ಕೀಬೋರ್ಡನ್ನೂ ಹೊರಗಿಟ್ಟು ಹಾರ್ಮೋನಿಯಂ ಒಂದೇ ಸಾಕೆನ್ನಬೇಕು ಎಂಬುದು ಹಿರಿಯರ ವಾದ. ಎರಡು ಸಾವಿರ ವ್ಯಾಟಿನ, ಬಣ್ಣದ ದೀಪ ಮಿನುಗುವ ಜೋಡಿ ಪೆಟ್ಟಿಗೆಗಳನ್ನು ತರಬೇಕು ಎಂಬುದು ಯುವಕರ ಹಟ. ಎರಡೂ ತಪ್ಪೆಂದು ವಾದಿಸಲು ಈ ಲೇಖನ.

ಮೊದಲು ಹಿರಿಯರಲ್ಲಿ ಒಂದು ಅರಿಕೆ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ಪವಿತ್ರ ಆರಾಧನೆಯ ಕುರಿತು ನೀಡಿದ ಸಂವಿಧಾನವು ಪೈಪ್ ಆರ್ಗನ್ನಿಗೆ ಗೌರವದ ಸ್ಥಾನ ಕೊಟ್ಟಿತಾದರೂ, ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳಿಗೆ ಬಾಗಿಲು ಮುಚ್ಚಲಿಲ್ಲ. ಇನ್ನು ಹಾರ್ಮೋನಿಯಮ್ಮಿನ ಪಾವಿತ್ರ್ಯದ ಮಾತು. ಅದು ಫ್ರಾನ್ಸಿನಿಂದ ಬಂದ ಪರದೇಶಿ. ನಮ್ಮ ಸಂಗೀತಕ್ಕೆ ಒಗ್ಗದೆಂದು 1940ರಿಂದ 1971ರವರೆಗೆ ಆಕಾಶವಾಣಿಯೇ ಅದನ್ನು ಬಹಿಷ್ಕರಿಸಿತ್ತು. ಇಂದು ನಾವು ಬಹಿಷ್ಕರಿಸಹೊರಟ ವಾದ್ಯವನ್ನು ನಾಳೆ ನಮ್ಮ ಮೊಮ್ಮಕ್ಕಳು ಪರಂಪರೆ ಎಂದಾರು. ಅಂದು ರಾತ್ರಿ ಅಪರಾಧ ಮಾಡಿದ್ದು ವಾದ್ಯವಲ್ಲ, ನುಡಿಸಿದವನೂ ಅಲ್ಲ. ಪ್ರಬೋಧನೆ ಕೇಳಿಸಲೆಂದು ತೂಗುಹಾಕಿದ ಪೆಟ್ಟಿಗೆಗೆ ಅದು ಹೊರಲಾರದ ಹೊರೆಯನ್ನು ಹೊರಿಸಿದವರು ನಾವು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪುರುಷರ ದನಿಯ ಮೂಲ ಕಂಪನ ಸಾಮಾನ್ಯವಾಗಿ ಸೆಕೆಂಡಿಗೆ ನೂರರ ಆಸುಪಾಸಿನಲ್ಲಿರುತ್ತದೆ. ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿ ಕಂಪಿಸುವುದು ಸೆಕೆಂಡಿಗೆ ಸುಮಾರು 41 ಬಾರಿ. ಐದು ತಂತಿಯದಾದರೆ 31 ಬಾರಿ. ಸ್ವರವೊಂದು ಒಂದು ಸ್ಥಾಯಿ ಕೆಳಗಿಳಿದಾಗ, ಅಷ್ಟೇ ಸದ್ದು ಕೇಳಬೇಕೆಂದರೆ ಸ್ಪೀಕರಿನ ಕಾಗದದ ಬಟ್ಟಲು ಹಿಂದೆ ಮುಂದೆ ನಾಲ್ಕು ಪಟ್ಟು ಹೆಚ್ಚು ಓಡಾಡಬೇಕು. ಅಂಗೈಯಗಲದ ಬಟ್ಟಲುಗಳಿಗೆ ಅದು ಎಲ್ಲಿ ಸಾಧ್ಯ? ಹರಿದುಹೋದವು, ಅಷ್ಟೇ. ನಮ್ಮ ಸೊರಬ, ಶಿಕಾರಿಪುರ ಸೀಮೆಯವರಿಗೆ ಇದನ್ನು ಪುಸ್ತಕ ನೋಡಿ ಕಲಿಯುವ ಅಗತ್ಯವಿಲ್ಲ. ತಮಟೆಯಿಂದ ಡೊಳ್ಳಿನ ನಾದ ಏಕೆ ಹೊರಡದೆಂದು ಯಾವ ಡೊಳ್ಳಿನ ಕಲಾವಿದರನ್ನು ಕೇಳಿದರೂ ಹೇಳುತ್ತಾರೆ. ಮಂದ್ರಕ್ಕೆ ಅಗಲವಾದ ಚರ್ಮ ಬೇಕು, ಒಳಗೆ ಗಾಳಿಗೆ ಜಾಗ ಬೇಕು. ಬೇಸ್ ಗಿಟಾರಿನ ಚರಿತ್ರೆಯೂ ಇದನ್ನೇ ಸಾರುತ್ತದೆ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ತಮ್ಮ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಮರುವರ್ಷವೇ ಅದಕ್ಕೆಂದು ಹದಿನೈದು ಅಂಗುಲದ ಸ್ಪೀಕರುಳ್ಳ ಪ್ರತ್ಯೇಕ ಪೆಟ್ಟಿಗೆಯನ್ನೂ ತರಬೇಕಾಯಿತು.

ಇನ್ನು ಯುವಕರ ಸರದಿ. ನಿಮ್ಮ ಕೈಯಲ್ಲಿರುವ ಆ ಹೊಳೆಯುವ ಕಾಗದದಲ್ಲಿ 2000 ವ್ಯಾಟ್ ಎಂದು ದಪ್ಪಕ್ಷರದಲ್ಲಿದೆ. ಅದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಹೊಮ್ಮಬಲ್ಲ ಶಕ್ತಿಯ ಅಂಕಿ. ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು ಸಣ್ಣಕ್ಷರದಲ್ಲಿ ಹುಡುಕಿದರೆ ಅದರ ಅರ್ಧವೋ ಕಾಲುಭಾಗವೋ ಸಿಕ್ಕೀತು; ಕೆಲವು ಕಾಗದಗಳಲ್ಲಿ ಅದೂ ಇರುವುದಿಲ್ಲ. ಇರಲಿ, ಅಂಕಿ ನಿಜವೆಂದೇ ಇಟ್ಟುಕೊಳ್ಳೋಣ. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಶಕ್ತಿ ಹತ್ತು ಪಟ್ಟಾಗಬೇಕು. ಐನೂರರ ಬದಲು ಸಾವಿರ ವ್ಯಾಟ್ ಕೊಳ್ಳುವವನು ದುಡ್ಡನ್ನು ಇಮ್ಮಡಿ ತೆತ್ತು, ಸದ್ದನ್ನು ಚಿಟಿಕೆಯಷ್ಟು ಮನೆಗೆ ತರುತ್ತಾನೆ. ಇನ್ನೂರು ಜನ ಕೂರುವ ದೇವಾಲಯಕ್ಕೆ ಇದರ ಅವಶ್ಯಕತೆಯಾದರೂ ಏನು?

ನೀವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಪೆಟ್ಟಿಗೆ ಎಷ್ಟು ಕೆಳಗಿನ ಸ್ವರದವರೆಗೆ ನೆಟ್ಟಗೆ ನುಡಿಯುತ್ತದೆ? ಇದಕ್ಕೂ ಕಾಗದದಲ್ಲಿ ಒಂದು ಅಂಕಿ ಇರುತ್ತದೆ, ಅದರಲ್ಲಿಯೂ ಜಾಣತನವಿರುತ್ತದೆ. 45 ಹರ್ಟ್ಜ್ ಎಂದು ಬರೆದು, ಪಕ್ಕದಲ್ಲಿ ಮೈನಸ್ 10 ಡೆಸಿಬೆಲ್ ಎಂದು ಸೇರಿಸಿದ್ದರೆ, ಆ ಸ್ವರ ಬರುವ ಹೊತ್ತಿಗೆ ಸದ್ದು ಅರ್ಧಕ್ಕೆ ಕುಸಿದಿದೆ ಎಂದರ್ಥ. ಮೈನಸ್ 3 ಇರುವ ಅಂಕಿಯನ್ನೇ ಕೇಳಿ. ಹಾಗೆಂದು 31ರವರೆಗೂ ಇಳಿಯುವ ದೈತ್ಯ ಪೆಟ್ಟಿಗೆ ಬೇಕಿಲ್ಲ. ಮೂಲ ಕಂಪನ ಕ್ಷೀಣವಾಗಿದ್ದರೂ ಮೇಲಿನ ಉಪಸ್ವರಗಳು ಸ್ಪಷ್ಟವಾಗಿದ್ದರೆ ನಮ್ಮ ಮಿದುಳೇ ಮಂದ್ರವನ್ನು ತುಂಬಿಕೊಳ್ಳುತ್ತದೆ; ಸೃಷ್ಟಿಕರ್ತನು ಕಿವಿಗಿತ್ತ ಔದಾರ್ಯವದು. ಐವತ್ತರ ಆಸುಪಾಸಿಗೆ ಪ್ರಾಮಾಣಿಕವಾಗಿ ಇಳಿಯುವ ಹನ್ನೆರಡು ಅಥವಾ ಹದಿನೈದು ಅಂಗುಲದ ಒಂದು ಒಳ್ಳೆಯ ಪವರ್ಡ್ ಸ್ಪೀಕರ್ ನಮಗೆ ಧಾರಾಳವಾಗಿ ಸಾಕು. ಆಂಪ್ಲಿಫೈಯರ್ ಅದರ ಒಡಲಲ್ಲೇ ಇರುತ್ತದೆ. ಮಿತಿಮೀರಿದಾಗ ತಡೆಯುವ ಲಿಮಿಟರ್ ಕೂಡ ಇದ್ದರೆ ಉತ್ಸಾಹಿಗಳ ಕೈಯಿಂದ ಬಟ್ಟಲು ಉಳಿಯುತ್ತದೆ.

ಬೇಸ್ ಗಿಟಾರಿನದೇ ಆಂಪ್ಲಿಫೈಯರನ್ನು ಏಕೆ ಕೊಳ್ಳಬಾರದು ಎಂದು ಆ ಹುಡುಗನೇ ನನ್ನನ್ನು ಕೇಳಿದ. ಅವನೊಬ್ಬನಿಗಾದರೆ ಅದು ಸರಿ. ಆದರೆ ಕೀಬೋರ್ಡಿನಲ್ಲಿ ಪಿಯಾನೊ, ಕೊಳಲು, ಗಂಟೆ ಎಲ್ಲವೂ ಇವೆ. ಅವುಗಳ ಮೇಲಿನ ಸ್ವರಗಳನ್ನು ಅಂತಹ ಬಹಳಷ್ಟು ಪೆಟ್ಟಿಗೆಗಳು ಮಂಕಾಗಿಸುತ್ತವೆ. ಬಡ ಧರ್ಮಕೇಂದ್ರದಲ್ಲಿ ಇಬ್ಬರಿಗೂ ಒಂದೇ ಪೆಟ್ಟಿಗೆ ಆಗಬೇಕೆಂದಾದರೆ ಪೂರ್ಣ ಶ್ರೇಣಿಯ ಸ್ಪೀಕರೇ ಮಾರ್ಗ. ಕೀಬೋರ್ಡಿನ ಹಿಂಬದಿಯಲ್ಲಿ ಮೋನೋ ಎಂದೂ ಬರೆದಿರುವ ಎಡಗಡೆಯ ತೂತಿಗೆ ಮಾತ್ರ ವೈರ್ ಚುಚ್ಚಬೇಕು. ಸಾಧಾರಣ ಬೇಸ್ ಗಿಟಾರಿನ ದುರ್ಬಲ ಸಂಕೇತವನ್ನು ನೇರವಾಗಿ ಲೈನ್ ಇನ್‌ಪುಟ್‌ಗೆ ಕೊಟ್ಟರೆ ಅದು ಸೊರಗುತ್ತದೆ. ನಡುವೆ ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆ ಇರಲಿ.

ಇದೆಲ್ಲಕ್ಕಿಂತ ಮುಖ್ಯವಾದದ್ದನ್ನು ಸಮಿತಿಯಲ್ಲಿ ಯಾರೂ ಎತ್ತಲಿಲ್ಲವೆಂಬುದು ನನ್ನ ಆಕ್ಷೇಪ. ನಮ್ಮ ಕಟ್ಟಡಗಳ ಎಷ್ಟೋ ಪ್ಲಗ್ಗುಗಳಲ್ಲಿ ಮೂರನೆಯ ತೂತು ಅಲಂಕಾರಕ್ಕಿದೆ, ಅರ್ಥಿಂಗ್ ಇಲ್ಲ. ಗುಂಯ್‌ಗುಡುವ ಸದ್ದು ನಿಲ್ಲಲೆಂದು ಮೂರನೆಯ ಪಿನ್ನನ್ನೇ ಮುರಿಯುವ ಮಹಾನುಭಾವರನ್ನೂ ಕಂಡಿದ್ದೇನೆ. ಗಿಟಾರಿನ ತಂತಿ ಕೈಯಲ್ಲಿ, ಮೈಕ್ ತುಟಿಯ ಬಳಿ. ಒಂದರಲ್ಲಿ ವಿದ್ಯುತ್ ಸೋರಿದ್ದರೆ ದಾರಿ ಆ ಮಗುವಿನ ಎದೆಯ ಮೂಲಕವೇ. ಸ್ಪೀಕರಿಗೆ ಮುನ್ನ ಇಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ಮಾಡಿಸಬೇಕು. ದಾನಿಗಳ ಹೆಸರು ಕೆತ್ತಿಸಲು ಅದರಲ್ಲಿ ಜಾಗವಿಲ್ಲ, ನಿಜ.

ಪೆಟ್ಟಿಗೆಯನ್ನು ಎಲ್ಲಿಡುವುದು? ಮೂಲೆಯಲ್ಲಂತೂ ಬೇಡ. ಎರಡು ಗೋಡೆ ಕೂಡುವಲ್ಲಿ ಮಂದ್ರ ಊದಿಕೊಂಡು, ಬರಿಗೋಡೆ ಮತ್ತು ಟೈಲ್ಸ್ ನೆಲದ ನಮ್ಮ ದೇವಾಲಯಗಳಲ್ಲಿ ವಾಚನದ ಪದಗಳನ್ನೂ ನುಂಗುತ್ತದೆ. ಗಾನವೃಂದದ ಪಕ್ಕದಲ್ಲಿ, ಸ್ಟ್ಯಾಂಡಿನ ಮೇಲೆ, ನುಡಿಸುವವರಿಗೂ ಕೇಳುವಂತೆ ಇರಲಿ. ತನ್ನ ಸ್ವರ ತನಗೇ ಕೇಳದವನು ಗುಬುಟನ್ನು ತಿರುಗಿಸುತ್ತಲೇ ಹೋಗುತ್ತಾನೆ. ಅನೇಕ ಗದ್ದಲಗಳ ಮೂಲ ಅಲ್ಲಿದೆ.

ನಮ್ಮ ಮನೆಯಿರುವುದು ಕ್ಯಾಸನೂರಿನ ಕಡೆ. ಮದುವೆ, ಮೆರವಣಿಗೆಗಳ ಕಾಲದಲ್ಲಿ ದೂರದ ಊರಿನ ಡಿಜೆ ನಮ್ಮಲ್ಲಿಗೂ ಬರುತ್ತದೆ. ಆದರೆ ಹಾಡು ಬರುವುದಿಲ್ಲ. ಮೇಲಿನ ಸ್ವರಗಳನ್ನು ಗಾಳಿ ಮತ್ತು ಮರಗಿಡಗಳು ಹೀರಿಕೊಂಡು, ಉಳಿದ ಧಂ ಧಂ ಮಾತ್ರ ಹಾಸಿಗೆ ಹಿಡಿದವರ ಕಿಟಕಿ ತಟ್ಟುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ದ ನಿಯಮಾವಳಿಯೇ ಇದೆ. ಹಬ್ಬಕ್ಕೆ ಇದೇ ಪೆಟ್ಟಿಗೆಯನ್ನು ಅಂಗಳಕ್ಕೆ ತರುವವರು, ತಾವು ನೆರೆಯವರಿಗೆ ಕಳುಹಿಸುತ್ತಿರುವುದು ಸ್ತುತಿಯಲ್ಲ, ಅದರ ಗುದ್ದು ಮಾತ್ರ ಎಂಬುದನ್ನು ಅರಿಯಬೇಕು.

ಶಿವಮೊಗ್ಗೆಗೆ ಹೋಗುವ ಮೂವರ ಹೆಸರನ್ನು ಸಮಿತಿ ಈಗಾಗಲೇ ಗೊತ್ತುಮಾಡಿದೆ. ಮೂವರಲ್ಲಿ ಒಬ್ಬರಿಗೂ ವಾದ್ಯ ನುಡಿಸಲು ಬಾರದು. ಅಂಗಡಿಯವರು ಮೊಬೈಲಿನಿಂದ ಸಿನಿಮಾ ಹಾಡು ಹಾಕುತ್ತಾರೆ, ಇವರು ತಲೆದೂಗುತ್ತಾರೆ, ರಸೀದಿ ಬರೆದಾಗುತ್ತದೆ. ನನ್ನ ಬೇಡಿಕೆ ಇಷ್ಟೇ: ಮೂವರಲ್ಲಿ ಒಬ್ಬರು ಮನೆಯಲ್ಲಿರಲಿ. ಆ ಸೀಟಿನಲ್ಲಿ ಹುಡುಗ ತನ್ನ ಗಿಟಾರ್ ಸಮೇತ ಹೋಗಲಿ, ಕೀಬೋರ್ಡನ್ನೂ ಒಯ್ಯಲಿ. ದಪ್ಪ ತಂತಿಯನ್ನು ಮೀಟಿ, ಗುಬುಟನ್ನು ಕಾಲುಭಾಗವಷ್ಟೇ ತಿರುಗಿಸಿ, ಸ್ವರ ಸ್ವರವಾಗಿಯೇ ಕೇಳುತ್ತದೆಯೇ ಎಂದು ಅವನು ನೋಡಲಿ. ಮೊನ್ನೆ ಗದರಿದ ಹಿರಿಯರೇ ಅವನ ಮನೆಗೆ ಹೋಗಿ ಕರೆದುತಂದರೆ ಇನ್ನೂ ಒಳಿತು. ಬಸ್ಸು ಬೆಳಿಗ್ಗೆ ಬೇಗ ಹೊರಡುತ್ತದೆ.